ಓದುಗರ ಪ್ರಶ್ನೆ: ಕ್ಷಿಪಣಿ ನೌಕೆಯೋ, ವಿಮಾನವಾಹಕವೋ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟವಾದ ಸ್ಟೆಲ್ಲಾರಿಸ್‌ನಲ್ಲಿ ನಾನು ಕ್ಷಿಪಣಿ ನೌಕೆಗಳ ಪಡೆಯನ್ನು ಕಟ್ಟುತ್ತೇನೆ. ನನ್ನ ಅಣ್ಣ ಯುದ್ಧವಿಮಾನಗಳನ್ನು ಹೊತ್ತ ಕ್ಯಾರಿಯರ್‌ಗಳನ್ನೇ ನೆಚ್ಚುತ್ತಾನೆ. ಮೊದಲ ಯುದ್ಧಗಳನ್ನು ಸುಲಭವಾಗಿ ಗೆಲ್ಲುವ ನನ್ನ ಪಡೆ ನಂತರ ಸೋಲುತ್ತಾ ಹೋಗುವುದೇಕೆ? ಎರಡರಲ್ಲಿ ಯಾವುದು ಮೇಲು?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಪಡೆ ಸೋಲುವುದಕ್ಕೆ ಕ್ಷಿಪಣಿಯ ದೌರ್ಬಲ್ಯ ಕಾರಣವಲ್ಲ. ಆಟದ ಆರಂಭದಲ್ಲೇ ಕೈಗೆ ಸಿಗುವ ಅಣು ಕ್ಷಿಪಣಿಗಳು ಶತ್ರುವಿನ ನೌಕೆಯನ್ನು ಸುತ್ತುವರಿದ ಶಕ್ತಿಯ ಪೊರೆಯನ್ನು, ಅಂದರೆ ಶೀಲ್ಡ್ ಅನ್ನು, ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರವಾಗಿ ಕವಚಕ್ಕೂ ಒಡಲಿಗೂ ಹೊಡೆಯುತ್ತವೆ. ಆ ಹೊತ್ತಿಗೆ ಅವುಗಳನ್ನು ತಡೆಯುವ ಪಾಯಿಂಟ್ ಡಿಫೆನ್ಸ್ ತೋಪುಗಳು ಎದುರಾಳಿಯ ಬಳಿ ಹೆಚ್ಚಾಗಿ ಇರುವುದಿಲ್ಲ. ವರ್ಷಗಳು ಉರುಳಿದಂತೆ ಆ ತೋಪುಗಳು ಬಂದು ಕೂರುತ್ತವೆ, ನಿಮ್ಮ ನೌಕೆಯ ವಿನ್ಯಾಸ ಮಾತ್ರ ಹಳೆಯದಾಗಿಯೇ ಉಳಿದಿರುತ್ತದೆ.

ಕಳೆದ ವಾರ ಮೈಸೂರಿನ ನನ್ನ ಮನೆಯಲ್ಲಿ ಇದನ್ನು ಪರೀಕ್ಷಿಸಲೆಂದೇ ಒಂದು ಕಾಳಗವನ್ನು ಮತ್ತೆ ಮತ್ತೆ ನಿಲ್ಲಿಸಿ, ಪರದೆಯನ್ನು ಹಿಗ್ಗಿಸಿ ನೋಡಿದೆ. ನನ್ನ ಡೆಸ್ಟ್ರಾಯರ್‌ಗಳಿಂದ ಹೊರಟ ಕ್ಷಿಪಣಿಗಳ ಸಾಲು ಶತ್ರುವಿನ ಪುಟ್ಟ ಯುದ್ಧನೌಕೆಗಳಾದ ಕಾರ್ವೆಟ್‌ಗಳ ಹತ್ತಿರ ಬರುತ್ತಿದ್ದಂತೆ ಎಳೆಯಂಥ ಬೆಳಕಿನ ಗೆರೆಗಳು ಚಿಮ್ಮಿದವು. ಒಂದೊಂದು ಗೆರೆಗೆ ಒಂದೊಂದು ಕ್ಷಿಪಣಿ ಆರಿಹೋಯಿತು. ಕಾಳಗದ ನಂತರದ ವರದಿಯಲ್ಲಿ, ಯಾವ ಆಯುಧ ಎಷ್ಟು ಹಾನಿ ಮಾಡಿತು ಎಂದು ತೋರಿಸುವ ಕಡೆ, ಕ್ಷಿಪಣಿಗಳ ಪಾಲು ಅತ್ಯಲ್ಪವಾಗಿತ್ತು. ಈ ವರದಿಯನ್ನು ಬಹುತೇಕ ಆಟಗಾರರು ಓದದೆ ಮುಚ್ಚಿಬಿಡುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ನಿಮ್ಮ ಅಣ್ಣ ನೆಚ್ಚಿದ ಕ್ಯಾರಿಯರ್‌ನ ವಿಮಾನಗಳೂ ಶೀಲ್ಡ್ ಅನ್ನು ದಾಟಿಯೇ ಹೊಡೆಯುತ್ತವೆ. ವ್ಯತ್ಯಾಸವಿರುವುದು ಹೊಡೆತದ ಲಯದಲ್ಲಿ. ಕ್ಷಿಪಣಿಯ ಹೊಡೆತ ನಮ್ಮ ನಾಲೆಗಳಲ್ಲಿ ಕಟ್ಟು ಪದ್ಧತಿಯಲ್ಲಿ ಬಿಡುವ ನೀರಿನಂತೆ: ಒಮ್ಮೆ ರಭಸದಿಂದ ಬರುತ್ತದೆ, ಆಮೇಲೆ ಮುಂದಿನ ಸರದಿಗೆ ಕಾಯಬೇಕು. ವಿಮಾನಗಳಾದರೋ ಗುರಿಯ ಸುತ್ತಲೇ ಸುಳಿಯುತ್ತಾ ಹೊಡೆಯುತ್ತಿರುತ್ತವೆ. ಕೆಲವು ನಾಶವಾದರೂ ನೌಕೆಯೊಳಗಿನ ವಿಮಾನಗೃಹವಾದ ಹ್ಯಾಂಗರ್ ಅವುಗಳನ್ನು ಮತ್ತೆ ತುಂಬಿಸಿಕೊಡುತ್ತದೆ. ಆದ್ದರಿಂದ ಕಾಳಗ ದೀರ್ಘವಾದಷ್ಟೂ ಕ್ಯಾರಿಯರ್‌ಗೆ ಅನುಕೂಲ. ಅವುಗಳ ತೊಡಕೆಂದರೆ, ಹ್ಯಾಂಗರ್ ಹೊರಬಲ್ಲ ಅತಿ ಚಿಕ್ಕ ನೌಕೆಯೇ ಡೆಸ್ಟ್ರಾಯರ್‌ಗಿಂತ ದೊಡ್ಡದಾದ ಕ್ರೂಸರ್. ಅದನ್ನು ಸಂಶೋಧಿಸಿ ಕಟ್ಟುವಷ್ಟರಲ್ಲಿ ಮಿಶ್ರಲೋಹವೂ ಕಾಲವೂ ಸಾಕಷ್ಟು ಖರ್ಚಾಗುತ್ತವೆ. ಜೊತೆಗೆ ಫ್ಲ್ಯಾಕ್ ತೋಪುಗಳು ವಿಮಾನಗಳನ್ನು ಉರುಳಿಸುವುದಕ್ಕೆಂದೇ ಇವೆ.

ನಿಜವಾದ ಸಮುದ್ರದಲ್ಲಿಯೂ ಈ ಎರಡು ಬಗೆಗಳು ಒಂದನ್ನೊಂದು ಅಳಿಸಿಹಾಕಲಿಲ್ಲ. ಭಾರತ-ಪಾಕಿಸ್ತಾನ ಯುದ್ಧದಲ್ಲಿ, 1971ರ ಡಿಸೆಂಬರ್ 4ರ ರಾತ್ರಿ, ಕರಾಚಿಯ ಮೇಲೆರಗಿದ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಪುಟ್ಟ ಕ್ಷಿಪಣಿ ದೋಣಿಗಳಾಗಿದ್ದವು. ಅವುಗಳ ವ್ಯಾಪ್ತಿ ಚಿಕ್ಕದಾದ್ದರಿಂದ ದೊಡ್ಡ ಹಡಗುಗಳೂ ತೈಲನೌಕೆಯೂ ಜೊತೆಗೆ ಹೋಗಬೇಕಾಯಿತು. ಅದೇ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ವಿಮಾನವಾಹಕ ನೌಕೆ ವಿಕ್ರಾಂತ್‌ನಿಂದ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳತ್ತ ಪದೇ ಪದೇ ಹಾರಿದವು. ಒಂದೇ ರಾತ್ರಿಯ ಅನಿರೀಕ್ಷಿತ ಹೊಡೆತಕ್ಕೆ ದೋಣಿ, ದಿನಗಟ್ಟಲೆ ನಡೆಯುವ ಒತ್ತಡಕ್ಕೆ ವಾಹಕ: ಈ ವಿಂಗಡಣೆ ಆಟದಲ್ಲಿಯೂ ನಿಲ್ಲುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನಿಮ್ಮ ಮೊದಲ ಯುದ್ಧಗಳು ಕ್ಷಿಪಣಿಯಿಂದಲೇ ನಡೆಯಲಿ. ಕ್ರೂಸರ್ ಬಂದ ಮೇಲೆ ಅಣ್ಣನ ಮಾತು ಕೇಳಿ, ಹ್ಯಾಂಗರ್‌ಗಳನ್ನು ಸೇರಿಸಿ. ಆದರೆ ಕ್ಷಿಪಣಿಗಳನ್ನು ಪೂರ್ತಿ ಕಳಚಬೇಡಿ, ಏಕೆಂದರೆ ಎರಡೂ ಒಟ್ಟಿಗೆ ಎರಗಿದಾಗ ಶತ್ರುವಿನ ರಕ್ಷಣಾ ತೋಪುಗಳ ಗಮನ ಹಂಚಿಹೋಗುತ್ತದೆ. ಇವುಗಳ ನಡುವೆ ಶೀಲ್ಡ್ ಒಡೆಯುವ ಗುಂಡಿನ ತೋಪುಗಳನ್ನು ತುರುಕುವುದು ವ್ಯರ್ಥ. ನಿಮ್ಮ ಉಳಿದ ಆಯುಧಗಳು ದಾಟಿಯೇ ಹೋಗುವ ಶೀಲ್ಡ್ ಮೇಲೆ ಅವು ಗುಂಡು ಸುರಿಯುತ್ತಾ ಕೂರುತ್ತವೆ. ಇನ್ನು ಕ್ರೂಸರ್ ಬರುವವರೆಗೂ ಗಡಿಯನ್ನು ಕಾಯಬೇಕಾದರೆ, ಅಲ್ಲಿನ ಬಾಹ್ಯಾಕಾಶ ಠಾಣೆಯಾದ ಸ್ಟಾರ್‌ಬೇಸ್‌ಗೇ ಹ್ಯಾಂಗರ್ ಘಟಕಗಳನ್ನು ಹಾಕಿಸಬಹುದು.