ಹೊಸದಾಗಿ ಕಟ್ಟಿಸಿದ ಹಳೆಯ ಷೆವ್ರೊಲೆ ಎಂಜಿನ್‌ನಲ್ಲಿ ಆಯಿಲ್ ಪ್ರೆಷರ್ ಇಷ್ಟು ಜಾಸ್ತಿ ಇದ್ದರೆ ಓಡಿಸಬಹುದಾ?

ಓಡಿಸಬಹುದು. ಆದರೆ ಮೊದಲು ಎಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಬಿಚ್ಚಿ, ಮೇಲಕ್ಕೆ ಆಯಿಲ್ ಬರ್ತಿದೆಯಾ ನೋಡಿ. ಅದಕ್ಕೂ ಮುಂಚೆ ದೂರ ಹೋಗಬೇಡಿ.

ನೀವು ಕೊಟ್ಟ ವಿವರ ಇಷ್ಟು: 1970ರ ಸಿ-10 ಪಿಕಪ್, 350 (ಘನ ಇಂಚಿನ ವಿ-8) ಎಂಜಿನ್, ಪೂರ್ತಿ ಬಿಚ್ಚಿ ಕಟ್ಟಿಸಿದ್ದೀರಿ. 20ಡಬ್ಲ್ಯೂ-50 ಅನ್ನುವ ದಪ್ಪ ಆಯಿಲ್ ಹಾಕಿದ್ದಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪ್ರೆಷರ್ ಮೀಟರಿನ ಮುಳ್ಳು 80 ಪೌಂಡಿಗೆ (ಪಿಎಸ್‌ಐ) ಹೋಗಿ ನಿಲ್ಲುತ್ತದೆ. ಬಿಸಿಯಾದ ಮೇಲೆ ಹೈವೇಯಲ್ಲಿ 70, ಐಡಲ್‌ನಲ್ಲಿ 40. ಕಟ್ಟಿದವರು "ಜಾಸ್ತಿ ಇದ್ದಷ್ಟೂ ಒಳ್ಳೆಯದು" ಅಂದಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಹತ್ತಿರ ಇರುವುದು 1972ರ ಸಿ-10, ಅದೇ 350. ಅಮೆರಿಕದ ಓಹಾಯೋದಲ್ಲಿ ಮನೆಯ ಗ್ಯಾರೇಜಿನಲ್ಲೇ ಎರಡು ಚಳಿಗಾಲ ಕೂತು ಕಟ್ಟಿದ್ದು. ಹೆಡ್ ಕೆಲಸ, ಬೋರ್, ಕ್ರ್ಯಾಂಕ್ ಗ್ರೈಂಡಿಂಗ್ ಮಾತ್ರ ಹೊರಗೆ ಮಾಡಿಸಿದೆ. ಮೊದಲ ಸಲ ಸ್ಟಾರ್ಟ್ ಆದಾಗ ನನ್ನ ಮುಳ್ಳೂ ನಿಮ್ಮ ಹಾಗೇ 80ಕ್ಕೆ ಹೋಗಿ ಕೂತಿತು. ಎಷ್ಟು ಖುಷಿಯಾಗಿತ್ತು ಅಂದರೆ ಊರಿಗೆ ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಲಾರಿ ಎಂಜಿನ್ ಕಟ್ಟಿದವರು. ಮೀಟರ್ ಕಡೆ ನೋಡಲೇ ಇಲ್ಲ. "ಮ್ಯಾಲೆ ಆಯಿಲ್ ಬಂತೇನೋ?" ಅಂತ ಕೇಳಿದರು, ಅಷ್ಟೇ.

ಆ ಪ್ರಶ್ನೆ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಆಯಿಲ್ ಪಂಪು ತಾನಾಗಿ ಪ್ರೆಷರ್ ಹುಟ್ಟಿಸುವುದಿಲ್ಲ. ಅದು ಎರಡು ಗೇರ್ ಇರುವ ಪಂಪು, ಪ್ರತಿ ಸುತ್ತಿಗೆ ಇಷ್ಟು ಅಂತ ಆಯಿಲ್ ತಳ್ಳುತ್ತದೆ. ಆ ಆಯಿಲ್ ಬೇರಿಂಗ್‌ಗಳ ಸಂದಿನಲ್ಲಿ ನುಗ್ಗಿ ಹೊರಗೆ ಬರಬೇಕು. ಸಂದು ಸಣ್ಣದಿದ್ದರೆ, ಆಯಿಲ್ ದಪ್ಪ ಇದ್ದರೆ, ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದ್ದರೆ ಪ್ರೆಷರ್ ಏರುತ್ತದೆ. ಗದ್ದೆಗೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಇಟ್ಟರೆ ಏನಾಗುತ್ತದೋ ಅದೇ. ಪೈಪ್ ಬಿಗಿಯುತ್ತದೆ, ಆದರೆ ಗದ್ದೆಗೆ ಹೋಗುವ ನೀರು ಜಾಸ್ತಿಯಾಗುವುದಿಲ್ಲ. ಮೀಟರಿನ ಮುಳ್ಳು ತಾನಿರುವ ಜಾಗದ ಬಿಗಿತವನ್ನು ಮಾತ್ರ ತೋರಿಸುತ್ತದೆ. ಅಲ್ಲಿಂದ ಮುಂದೆ ಆಯಿಲ್ ತಲುಪಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಪ್ರೆಷರ್ ಸ್ವಲ್ಪ ಜಾಸ್ತಿ ಇರುವುದು ಸಹಜ, ಅದು ನಿಜ. ಈ ಎಂಜಿನ್‌ಗೆ ಹಳೆಯ ಲೆಕ್ಕ ಒಂದಿದೆ: ಬಿಸಿ ಆಯಿಲ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪೌಂಡ್ ಇದ್ದರೆ ಸಾಕು. 2500 ಆರ್‌ಪಿಎಂನಲ್ಲಿ 40ರಿಂದ 60ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಥಂಡಿಯಲ್ಲಿ 70 ದಾಟಿ ಆಮೇಲೆ ಇಳಿದರೂ ಹೆದರಿಕೆ ಇಲ್ಲ. ಪೂರ್ತಿ ಬಿಸಿಯಾದ ಮೇಲೂ 70ರಲ್ಲೇ ನಿಂತಿದ್ದರೆ ಕಾರಣ ಹುಡುಕಬೇಕು.

ಮೊದಲ ಅನುಮಾನ ಮೀಟರಿನ ಮೇಲೇ ಇರಲಿ. ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ. ಮುಳ್ಳು ಸೊನ್ನೆಯಲ್ಲಿ ಇರಬೇಕು, ಅಲ್ವಾ? ನನ್ನದು 15ರ ಹತ್ತಿರ ನಿಂತಿತ್ತು. ಮೀಟರಿಗೆ ಪ್ರೆಷರ್ ತಿಳಿಸುವ ಸೆಂಡರ್‌ನ ತಿರುಪಿಗೆ ನಾನು ಟೆಫ್ಲಾನ್ ಟೇಪ್ ಸುತ್ತಿದ್ದೆ, ಅರ್ತ್ ಸರಿಯಾಗಿ ಸಿಗುತ್ತಿರಲಿಲ್ಲ. ಜಿಎಂ (ಷೆವ್ರೊಲೆ ಮಾಡುವ ಜನರಲ್ ಮೋಟಾರ್ಸ್) ಕಂಪನಿಯ ಹಳೆಯ ಎಲೆಕ್ಟ್ರಿಕ್ ಮೀಟರ್ 0ಯಿಂದ 90 ಓಮ್ ಲೆಕ್ಕದ್ದು. ಓಮ್ ಜಾಸ್ತಿಯಾದಷ್ಟೂ ಮುಳ್ಳು ಮೇಲೆ ಹೋಗುತ್ತದೆ, ವೈರ್ ಕಿತ್ತು ಬಂದರೆ ಪೂರ್ತಿ ಮೇಲೇ ಹೋಗಿ ನಿಲ್ಲುತ್ತದೆ. ಹೊರಗೆ ಸಿಗುವ ಎಷ್ಟೋ ಸೆಂಡರ್‌ಗಳು 240ರಿಂದ 33 ಓಮ್‌ನವು. ಒಂದರ ಮೀಟರ್, ಇನ್ನೊಂದರ ಸೆಂಡರ್ ಸೇರಿಸಿದರೆ ಮುಳ್ಳು ಹೇಳುವುದೆಲ್ಲ ಸುಳ್ಳು.

ಹಾಗಾಗಿ ಒಂದು ಮೆಕ್ಯಾನಿಕಲ್ ಗೇಜ್ ತನ್ನಿ. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ, ಬ್ಲಾಕಿನ ಹಿಂಭಾಗದ ಮೇಲುಗಡೆ ಸೆಂಡರ್ ಕೂರುವ ತೂತು ಇದೆಯಲ್ಲ, ಅಲ್ಲೇ ಜೋಡಿಸಿ. ಮುಂದೆ ಹೇಳುವ ಕವರ್ ಬಿಚ್ಚಿ ನೋಡುವ ಕೆಲಸ ಮೊದಲು ಮುಗಿಸಿ, ಅರ್ಧ ಗಂಟೆ ಓಡಿಸಿ, ಆಮೇಲೆ ಗೇಜ್ ನೋಡಿ. ನೀರಿನ ಮೀಟರ್ ಏರಿದ ಮಾತ್ರಕ್ಕೆ ಆಯಿಲ್ ಬಿಸಿಯಾಗಿದೆ ಅಂತ ಅಲ್ಲ, ಅದು ನಿಧಾನಕ್ಕೆ ಕಾಯುತ್ತದೆ. ನನ್ನ ಗಾಡಿಯಲ್ಲಿ ಡ್ಯಾಶಿನ ಮೀಟರ್ 75 ತೋರಿಸುವಾಗ ಮೆಕ್ಯಾನಿಕಲ್ ಗೇಜ್ 62 ತೋರಿಸಿತು.

ಈಗ ಅಪ್ಪ ಕೇಳಿದ ಕೆಲಸ. ಒಂದು ಕಡೆಯ ಟ್ಯಾಪೆಟ್ ಕವರ್ ತೆಗೆದು, ಐಡಲ್‌ನಲ್ಲಿ ಎಂಜಿನ್ ಓಡಿಸಿ. ಆಯಿಲ್ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊಗೆ ಬರುತ್ತದೆ. ಆದ್ದರಿಂದ ಒಂದೊಂದೇ ಕಡೆ ನೋಡಿ, ಬೇಗ ಮುಗಿಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಈ ಎಂಜಿನ್‌ನಲ್ಲಿ ಆಯಿಲ್ ಕ್ಯಾಮ್ ಮೇಲೆ ಕೂರುವ ಲಿಫ್ಟರ್‌ನಿಂದ ಟೊಳ್ಳು ಪುಷ್ ರಾಡ್ ಒಳಗೆ ಹತ್ತಿ, ವಾಲ್ವ್ ಒತ್ತುವ ರಾಕರ್‌ಗೆ ಬರುತ್ತದೆ. ಹದಿನಾರು ರಾಕರ್‌ಗಳಲ್ಲಿ ಪ್ರತಿಯೊಂದರಿಂದಲೂ ಆಯಿಲ್ ತೊಟ್ಟಿಕ್ಕಬೇಕು. ನನ್ನಲ್ಲಿ ಹದಿನೈದು ಒದ್ದೆ, 6ನೇ ಸಿಲಿಂಡರ್‌ನ ಎಕ್ಸಾಸ್ಟ್ ರಾಕರ್ ಒಣಗಿತ್ತು. ಪುಷ್ ರಾಡ್ ತೆಗೆದು ಊದಿದರೆ ಗಾಳಿ ಹೋಗಲಿಲ್ಲ. ಹೊರಗೆ ಕೊಟ್ಟು ಕ್ಲೀನ್ ಮಾಡಿಸಿಕೊಂಡು ಬಂದ ಹಳೆಯ ರಾಡ್ ಅದು. ಒಳಗೆ ಮರಳಿನಂಥ ಪುಡಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಮುಳ್ಳು 80 ತೋರಿಸುತ್ತಿದ್ದ ಅಷ್ಟೂ ಹೊತ್ತು ಆ ರಾಕರ್ ಒಣಗಿ ಓಡುತ್ತಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಹೋಗುತ್ತಿತ್ತು.

ಹದಿನಾರು ರಾಡ್‌ಗಳನ್ನೂ ತೆಗೆದು, ತಂತಿ ಹಾಕಿ ತೊಳೆದೆ. ಆಯಿಲ್ ಬಸಿದು, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ ನೋಡಿದೆ. ನೀವೂ ಫಿಲ್ಟರ್ ಸುಮ್ನೆ ಎಸೆಯಬೇಡಿ, ಕತ್ತರಿಸಿ ನೋಡಿ. ತಾಮ್ರದ ಬಣ್ಣದ ಹೊಳಪು ಕಂಡರೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ.

ಆಯಿಲ್ ವಿಷಯ ಸುಲಭ. ಇಷ್ಟು ಬಿಗಿ ಇರುವ ಹೊಸ ಎಂಜಿನ್‌ಗೆ, ಅದರಲ್ಲೂ ಚಳಿ ಊರಲ್ಲಿ, 20ಡಬ್ಲ್ಯೂ-50 ಬೇಕಿಲ್ಲ. ನಾನು ತೆಳುವಾದ 10ಡಬ್ಲ್ಯೂ-30ಕ್ಕೆ ಬಂದೆ, 62 ಇದ್ದದ್ದು 54ಕ್ಕೆ ಇಳಿಯಿತು. ನಿಮ್ಮದು ಲಿಫ್ಟರ್‌ನ ಚಪ್ಪಟೆ ತಳ ಕ್ಯಾಮ್ ಮೇಲೆ ಉಜ್ಜುವ ಹಳೆಯ ತರಹದ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಆಗಿದ್ದರೆ ಜಿಂಕ್ ಜಾಸ್ತಿ ಇರುವ ಆಯಿಲ್ ಆರಿಸಿಕೊಳ್ಳಿ. ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಹಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಬಿಸಿಯಲ್ಲಿ 70 ಇದ್ದರೆ ಪಂಪಿನ ಬಿಲ್ ಹುಡುಕಿ. ಎಷ್ಟೋ ಜನ ಒಳ್ಳೆಯದಾಗಲಿ ಅಂತ ರೇಸ್ ಗಾಡಿಗೆ ಬಳಸುವ ಗಟ್ಟಿ ಸ್ಪ್ರಿಂಗ್ ಇರುವ ಪಂಪನ್ನೋ, ಗೇರ್ ಉದ್ದ ಇರುವ ಹೈ ವಾಲ್ಯೂಮ್ ಪಂಪನ್ನೋ ಹಾಕುತ್ತಾರೆ. ಪಂಪಿನ ಒಳಗೆ ರಿಲೀಫ್ ವಾಲ್ವ್ ಇದೆ. ಪ್ರೆಷರ್ ಮಿತಿ ಮೀರಿದರೆ ಸ್ಪ್ರಿಂಗ್ ಒತ್ತಿ ತೆರೆದುಕೊಳ್ಳುತ್ತದೆ. ಸ್ಪ್ರಿಂಗ್ ಗಟ್ಟಿ ಇದ್ದರೆ ಆ ಮಿತಿಯೇ ಮೇಲೆ ಹೋಗುತ್ತದೆ. ವಾಲ್ವ್ ಸಿಕ್ಕಿಕೊಂಡಿದ್ದರೆ ಮಿತಿಯೇ ಇಲ್ಲ. ಆಗ ಥಂಡಿಯಲ್ಲಿ ರೇಸ್ ಮಾಡಿದರೆ ಫಿಲ್ಟರ್ ಉಬ್ಬಬಹುದು, ಅದರ ರಬ್ಬರ್ ಹೊರಗೆ ಬಂದು ಆಯಿಲ್ ಎಲ್ಲ ರಸ್ತೆಗೆ ಸುರಿಯಬಹುದು. ಪಂಪನ್ನು ತಿರುಗಿಸುವುದು ಡಿಸ್ಟ್ರಿಬ್ಯೂಟರ್ ಶಾಫ್ಟು. ಅದರ ಗೇರ್ ಕೂಡ ಬೇಗ ಸವೆಯುತ್ತದೆ.

ಸ್ಪ್ರಿಂಗ್ ಬದಲಿಸಬೇಕಾದರೆ ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಬೇಕು. ದೊಡ್ಡ ಕೆಲಸ, ಆದರೆ ಮಾಡಬಹುದಾದದ್ದು. ಪಂಪಿನ ಪಿನ್ ತೆಗೆದರೆ ಸ್ಪ್ರಿಂಗ್, ಪಿಸ್ಟನ್ ಹೊರಗೆ ಬರುತ್ತವೆ. ಪಿಸ್ಟನ್ ಬೆರಳಿಗೆ ಸಲೀಸಾಗಿ ಜಾರಬೇಕು. ಸ್ಪ್ರಿಂಗ್ ಕತ್ತರಿಸಿ ಗಿಡ್ಡ ಮಾಡಲು ಯಾರಾದರೂ ಹೇಳಿದರೆ ಕೇಳಬೇಡಿ, ಸ್ಟ್ಯಾಂಡರ್ಡ್ ಸ್ಪ್ರಿಂಗೇ ತನ್ನಿ. ಚೇಂಬರ್ ಹೇಗೂ ಇಳಿದಿರುತ್ತದೆ, ಒಂದು ಮೈನ್ ಕ್ಯಾಪ್ (ಕ್ರ್ಯಾಂಕ್ ಹಿಡಿಯುವ ಬೇರಿಂಗಿನದು), ಒಂದು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡಿನದು) ಬಿಚ್ಚಿ, ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಸಂದು ಅಳೆಯಿರಿ. ಜರ್ನಲ್‌ನ (ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕಿನ ಭಾಗ) ವ್ಯಾಸದ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು ಅನ್ನುವ ಲೆಕ್ಕದಲ್ಲಿ ಮೈನ್‌ಗೆ ಸುಮಾರು 0.0025, ಬಿಗ್ ಎಂಡ್‌ಗೆ 0.002 ಇಂಚು ಬರಬೇಕು. ಅದಕ್ಕಿಂತ ತೀರಾ ಬಿಗಿ ಇದ್ದರೆ ಸ್ಪ್ರಿಂಗ್ ಬದಲಿಸಿ ಮುಚ್ಚಬೇಡಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿದವರ ಹತ್ತಿರ ವಾಪಸ್ ಹೋಗಿ.

ಮೆಕ್ಯಾನಿಕಲ್ ಗೇಜ್ ಹಾಕಿದ ಮೇಲೆ ಥಂಡಿಯಲ್ಲಿ ಎಷ್ಟು, ಬಿಸಿಯಲ್ಲಿ 2500ಕ್ಕೆ ಎಷ್ಟು, ಬಿಸಿ ಐಡಲ್‌ನಲ್ಲಿ ಎಷ್ಟು, ಈ ಮೂರೂ ಇಲ್ಲಿ ಬರೆಯಿರಿ. ಹದಿನಾರು ರಾಕರ್‌ಗಳ ಫೋಟೊ ಕೂಡ ಹಾಕಿ, ನೋಡಿ ಹೇಳುತ್ತೇನೆ.