ಸರ್ವರ್ ಕನ್ಸೋಲ್ ಕೈಕೊಟ್ಟಿದೆ, ಕಂಟ್ರೋಲ್ ಪ್ಯಾನೆಲ್ ಮಾತ್ರ ತೆರೆಯುತ್ತಿದೆ. ಈಗ ಏನು ಮಾಡಬೇಕು?

ಮೊದಲಿಗೆ, ರೀಇನ್‌ಸ್ಟಾಲ್ ಬಟನ್ ಒತ್ತಬೇಡಿ. ಉಳಿದದ್ದೆಲ್ಲ ಆಮೇಲೆ.

ನೀವು ಹೇಳಿದ್ದು ಇಷ್ಟು: ಲಿನಕ್ಸ್ ವಿಪಿಎಸ್‌ಗೆ (ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್‌ಗೆ) ಅಪ್‌ಡೇಟ್ ಹಾಕಿ ರೀಬೂಟ್ ಕೊಟ್ಟಿರಿ. ಆಮೇಲೆ ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ, ಸಿಗುತ್ತಿಲ್ಲ. ವೆಬ್ ಕನ್ಸೋಲ್ (ಸರ್ವರ್‌ನ ಪರದೆಯನ್ನು ಬ್ರೌಸರ್‌ನಲ್ಲಿ ತೋರಿಸುವ ಕಿಟಕಿ) ತೆರೆದರೆ ಒಂದಷ್ಟು ಸಾಲುಗಳು ಬಂದು ನಿಂತುಬಿಡುತ್ತವೆ, ಲಾಗಿನ್ ಬರುವುದೇ ಇಲ್ಲ. ಹೋಸ್ಟಿಂಗ್ ಕಂಪನಿಯ ಪ್ಯಾನೆಲ್ ಮಾತ್ರ ಕೆಲಸ ಮಾಡುತ್ತಿದೆ. ಅಲ್ಲಿಂದಲೇ ಸರ್ವರ್ ಉಳಿಸಬಹುದಾ, ಡೇಟಾ ಹೋಗುತ್ತಾ ಅಂತ ಕೇಳಿದ್ದೀರಿ.

ಇಂಥ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಈ ಲಕ್ಷಣ ಇದ್ದಾಗ ಡೇಟಾ ಡಿಸ್ಕ್‌ನಲ್ಲಿ ಹಾಗೇ ಇರುವ ಸಾಧ್ಯತೆಯೇ ಜಾಸ್ತಿ. ಬೂಟ್ ಆಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿದೆ. ಅದು ಎಲ್ಲಿ ಅಂತ ಆ ಕನ್ಸೋಲ್ ಪರದೆಯೇ ಹೇಳುತ್ತದೆ. ಹಾಗಾಗಿ ಇನ್ನೊಂದು ಸಲ ರೀಸೆಟ್ ಕೊಡುವ ಮೊದಲು ಪರದೆ ಮೇಲಿನ ಕೊನೆಯ ಸಾಲುಗಳನ್ನು ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಬರಿಯಲ್ಲಿ ಮೇಲಿಂದ ಮೇಲೆ ರೀಸೆಟ್ ಒತ್ತಿದರೆ ಆ ಸುಳಿವೂ ಹೋಗುತ್ತದೆ, ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್‌ಗೂ ಪೆಟ್ಟು ಬೀಳಬಹುದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ತುಂಬಾ ಜನ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಕಂಟ್ರೋಲ್ ಪ್ಯಾನೆಲ್ ಎರಡು ಥರ ಇರುತ್ತದೆ. ಸಿಪ್ಯಾನೆಲ್, ಪ್ಲೆಸ್ಕ್‌ನಂಥವು ಸರ್ವರ್ ಒಳಗೇ ಓಡುತ್ತವೆ. ಸರ್ವರ್ ಬೂಟ್ ಆಗದಿದ್ದರೆ ಅವೂ ಇಲ್ಲ. ಸರ್ವರ್ ಎದ್ದಿದೆ, ಎಸ್‌ಎಸ್‌ಎಚ್ ಒಂದೇ ಕೆಟ್ಟಿದೆ ಅನ್ನುವಾಗ ಮಾತ್ರ ಅವುಗಳಿಂದ ಉಪಯೋಗ. ಉದಾಹರಣೆಗೆ ಸಿಪ್ಯಾನೆಲ್ ಸರ್ವರ್‌ನ ಅಡ್ಮಿನ್ ಪುಟವಾದ ಡಬ್ಲ್ಯೂಎಚ್‌ಎಂ 2087ನೇ ಪೋರ್ಟ್‌ನಲ್ಲಿ ತೆರೆಯುತ್ತದೆ, ಅಲ್ಲಿನ ರೀಸ್ಟಾರ್ಟ್ ಸರ್ವಿಸಸ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಅನ್ನು ಮತ್ತೆ ಚಾಲೂ ಮಾಡಬಹುದು, ಕಮಾಂಡ್ ಕೊಡುವ ಟರ್ಮಿನಲ್ ಕೂಡ ಅಲ್ಲೇ ಇದೆ. ಇನ್ನೊಂದು, ಹೋಸ್ಟಿಂಗ್ ಕಂಪನಿಯ ಪ್ಯಾನೆಲ್. ಅದು ನಿಮ್ಮ ಸರ್ವರ್‌ನ ಹೊರಗಿರುತ್ತದೆ, ಸರ್ವರ್ ಪೂರ್ತಿ ಮಲಗಿದ್ದರೂ ತೆರೆಯುತ್ತದೆ. ಪವರ್, ಕನ್ಸೋಲ್, ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ), ರೆಸ್ಕ್ಯೂ, ಈ ನಾಲ್ಕೂ ಸಿಗುವುದು ಅಲ್ಲಿ. ನಿಮಗೆ ಈಗ ಬೇಕಾಗಿರುವುದು ಇದೇ.

ಕನ್ಸೋಲ್ ಬರೀ ಕಪ್ಪಾಗಿದ್ದರೆ ಅದರೊಳಗೆ ಕ್ಲಿಕ್ ಮಾಡಿ ಒಂದು ಎಂಟರ್ ಒತ್ತಿ ನೋಡಿ. ಸ್ಕ್ರೀನ್ ಸುಮ್ನೆ ನಿದ್ದೆಗೆ ಜಾರಿರಬಹುದು. ಏನೂ ಬರದಿದ್ದರೆ ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ಈ ಕನ್ಸೋಲ್‌ಗಳು ಸಾಮಾನ್ಯವಾಗಿ ವೆಬ್‌ಸಾಕೆಟ್ (ಬ್ರೌಸರ್ ಸದಾ ತೆರೆದಿಡುವ ಸಂಪರ್ಕ) ಮೇಲೆ ನಡೆಯುತ್ತವೆ, ಆಫೀಸ್ ಪ್ರಾಕ್ಸಿ ಅಥವಾ ಆ್ಯಡ್‌ಬ್ಲಾಕರ್ ತಡೆದರೂ ಕಪ್ಪು ಪರದೆಯೇ ಕಾಣುತ್ತದೆ. ಲಾಗಿನ್ ಬಂದೂ ಪಾಸ್‌ವರ್ಡ್ ಹಿಡಿಯದಿದ್ದರೆ ಕೀಬೋರ್ಡ್ ಲೇಔಟ್ ಮೇಲೆ ಅನುಮಾನ ಪಡಿ. ಯೂಸರ್‌ನೇಮ್ ಜಾಗದಲ್ಲಿ ಪಾಸ್‌ವರ್ಡಿನ ಚಿಹ್ನೆಗಳನ್ನು ಟೈಪ್ ಮಾಡಿ ನೋಡಿದರೆ ಯಾವ ಕೀ ತಿರುಗಾಮುರುಗಾ ಆಗಿದೆ ಅಂತ ಕಾಣುತ್ತದೆ.

ಈಗ ನಿಮ್ಮ ಸಾಲುಗಳ ವಿಷಯ. ಕೊನೆಯಲ್ಲಿ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್’ ಅಂತ ಶುರುವಾಗಿ, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡ್‌ವರೆಗೆ ಎಣಿಕೆ ಓಡುತ್ತಿದೆಯಾ? ಹಾಗಿದ್ದರೆ ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿ ಯಾವುದೋ ಡಿಸ್ಕ್‌ಗೆ ಕಾಯುತ್ತಿದೆ. ಆ 90 ಸೆಕೆಂಡ್ ಮುಗಿದ ಮೇಲೆ ರಿಪೇರಿಗೆಂದೇ ಇರುವ ಎಮರ್ಜೆನ್ಸಿ ಮೋಡ್‌ಗೆ ಹೋಗಿ ರೂಟ್ (ಮುಖ್ಯ ಅಡ್ಮಿನ್) ಪಾಸ್‌ವರ್ಡ್ ಕೇಳುತ್ತದೆ. ಕ್ಲೌಡ್ ಇಮೇಜ್‌ಗಳಲ್ಲಿ, ಅಂದರೆ ಕಂಪನಿ ಸಿದ್ಧಮಾಡಿ ಕೊಡುವ ಲಿನಕ್ಸ್‌ನಲ್ಲಿ, ಎಷ್ಟೋ ಸಲ ರೂಟ್ ಖಾತೆಯೇ ಲಾಕ್ ಆಗಿರುತ್ತದೆ. ಆಗ ‘ಕನ್ಸೋಲ್ ತೆರೆಯಲಾಗದು, ರೂಟ್ ಅಕೌಂಟ್ ಲಾಕ್ ಆಗಿದೆ’ ಅನ್ನುವ ಅರ್ಥದ ಸಾಲು ಕಾಣಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಕನ್ಸೋಲ್ ಕೆಟ್ಟಿದೆ ಅಂತ ನಮಗನಿಸುತ್ತದೆ, ಆದರೆ ಕನ್ಸೋಲ್ ಸರಿಯಾಗೇ ಇರುತ್ತದೆ.

ಇದಕ್ಕೆ ಕಾರಣ ಹೆಚ್ಚಿನ ಸಲ ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲ್. ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ ಅದು. ಯಾವಾಗಲೋ ಒಂದು ಹೆಚ್ಚುವರಿ ಡಿಸ್ಕ್ ಸೇರಿಸಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಅದರಲ್ಲಿ ಬರೆದಿರುತ್ತೀರಿ. ಮುಂದೆ ಆ ಡಿಸ್ಕ್ ತೆಗೆದಿರುತ್ತೀರಿ ಅಥವಾ ಮತ್ತೆ ಫಾರ್ಮ್ಯಾಟ್ ಮಾಡಿರುತ್ತೀರಿ, ಸಾಲು ಮಾತ್ರ ಉಳಿದಿರುತ್ತದೆ. ರೀಬೂಟ್ ಆಗುವ ತನಕ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಅಪ್‌ಡೇಟ್ ಆದ ಮೇಲೆ ರೀಬೂಟ್ ಮಾಡಿದ್ದರಿಂದ ತಪ್ಪೆಲ್ಲ ಅಪ್‌ಡೇಟಿನ ತಲೆ ಮೇಲೆ ಬರುತ್ತದೆ.

ಅದರ ಬದಲು ಕರ್ನಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳಾದ ಕರ್ನಲ್ ಮುಂದೆ ಹೋಗಲಾಗದೆ ನಿಂತಿದೆ) ಅಂತ ಬಂದು, ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತಿಲ್ಲ (ಮುಖ್ಯ ಡಿಸ್ಕ್ ಜೋಡಣೆಯಾಗುತ್ತಿಲ್ಲ), ಅನ್‌ನೋನ್ ಬ್ಲಾಕ್ ಅಂತ ಇದ್ದರೆ ಆಗ ನಿಜಕ್ಕೂ ಅಪ್‌ಡೇಟ್ ಮೇಲೇ ಅನುಮಾನ. ಹೊಸ ಕರ್ನಲ್‌ನ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬೇಕಾಗುವ ಪುಟ್ಟ ಫೈಲ್ ಕಟ್ಟು) ಸರಿಯಾಗಿ ತಯಾರಾಗಿಲ್ಲ. ಕರ್ನಲ್ ಫೈಲ್‌ಗಳಿರುವ ಬೂಟ್ ಪಾರ್ಟಿಷನ್ ತುಂಬಿಹೋಗಿದ್ದರೆ ಹೀಗಾಗುತ್ತದೆ. ಇದಕ್ಕೆ ಸುಲಭದ ದಾರಿ ಇದೆ: ಪ್ಯಾನೆಲ್‌ನಿಂದ ರೀಸೆಟ್ ಕೊಟ್ಟು, ಕೂಡಲೇ ಕನ್ಸೋಲ್‌ಗೆ ಬಂದು ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನು ಹಿಡಿಯಿರಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಎದ್ದುಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಮುಂದೆ ಏನೇ ಮಾಡುವುದಿದ್ದರೂ ಮೊದಲು ಪ್ಯಾನೆಲ್‌ನಿಂದ ಸರ್ವರ್ ಪವರ್ ಆಫ್ ಮಾಡಿ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಸ್ವಲ್ಪ ಹಣ ಹೋದರೂ ಹೋಗಲಿ. ಈಗಿನ ಸ್ಥಿತಿಗೆ ವಾಪಸ್ ಬರಲು ಒಂದು ದಾರಿ ಇದ್ದರೆ ನೀವೂ ಧೈರ್ಯವಾಗಿ ಕೈ ಹಾಕಬಹುದು. ಹಳೇ ಬ್ಯಾಕಪ್ ಇದೆ ಅಂತ ಇದನ್ನು ಬಿಡಬೇಡಿ, ಆ ಬ್ಯಾಕಪ್ ಆದ ಮೇಲಿನ ಡೇಟಾ ಇರುವುದು ಈ ಡಿಸ್ಕ್‌ನಲ್ಲಿ ಮಾತ್ರ.

ಇನ್ನು ರೆಸ್ಕ್ಯೂ ಮೋಡ್. ಪ್ಯಾನೆಲ್‌ನಲ್ಲಿರುವ ಅತಿ ಉಪಯುಕ್ತ ಬಟನ್ ಇದು ಅಂತ ನನ್ನ ಅಭಿಪ್ರಾಯ. ಬೀಗ ಕೆಟ್ಟ ಮನೆಗೆ ಹಿತ್ತಲ ಬಾಗಿಲಿನಿಂದ ಹೋದ ಹಾಗೆ. ನಿಮ್ಮ ಡಿಸ್ಕ್‌ನಿಂದ ಬೂಟ್ ಆಗುವ ಬದಲು ಹೊರಗಿನ ಒಂದು ಪುಟ್ಟ ಲಿನಕ್ಸ್ ಏಳುತ್ತದೆ, ನಿಮ್ಮ ಡಿಸ್ಕ್ ಪಕ್ಕದಲ್ಲಿ ತಗುಲಿಕೊಂಡಿರುತ್ತದೆ. ಹೆಸರು ಒಂದೊಂದು ಕಡೆ ಒಂದೊಂದು. ಲಿನೋಡ್‌ನಲ್ಲಿ ರೆಸ್ಕ್ಯೂ ಅಂದರೆ ಫಿನಿಕ್ಸ್ ಅನ್ನುವ ಪುಟ್ಟ ಲಿನಕ್ಸ್, ಡಿಜಿಟಲ್‌ಓಷನ್‌ನಲ್ಲಿ ರಿಕವರಿ ಐಎಸ್‌ಒ. ಅಮೆಜಾನ್ ಇಸಿ2ನಲ್ಲಿ ರೂಟ್ ವಾಲ್ಯೂಮ್ ಬಿಚ್ಚಿ ಇನ್ನೊಂದು ಸರ್ವರ್‌ಗೆ ಜೋಡಿಸಿ ಇದೇ ಕೆಲಸ ಮಾಡುತ್ತಾರೆ.

ರೆಸ್ಕ್ಯೂ ಆನ್ ಮಾಡಿದಾಗ ಪ್ಯಾನೆಲ್ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟರೆ ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಎಚ್ ಮಾಡಿದರೆ ‘ಹೋಸ್ಟ್ ಐಡೆಂಟಿಫಿಕೇಷನ್ ಬದಲಾಗಿದೆ’ ಅಂತ ದೊಡ್ಡ ಎಚ್ಚರಿಕೆ ಬರಬಹುದು. ಈಗ ಅಲ್ಲಿರುವುದು ಬೇರೆ ಲಿನಕ್ಸ್ ಆದ್ದರಿಂದ ಅದು ಸಹಜ.

ಒಳಗೆ ಹೋದ ಕೂಡಲೇ ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ಯಾವ ಡಿಸ್ಕ್ ನಿಮ್ಮದು ಅಂತ ಸೈಜ್ ನೋಡಿ ಗುರುತಿಸಿ. ಮೌಂಟ್ ಮಾಡುವ ಮೊದಲೇ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಪರೀಕ್ಷಿಸಿ ಸರಿಮಾಡುವ ಕಮಾಂಡ್) ಓಡಿಸಿ. ಮೌಂಟ್ ಆದ ಫೈಲ್‌ಸಿಸ್ಟಮ್ ಮೇಲೆ ಅದನ್ನು ಓಡಿಸಿದರೆ ಚೆನ್ನಾಗಿದ್ದದ್ದೂ ಕೆಡುತ್ತದೆ. ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಥರದ್ದಾಗಿದ್ದರೆ ಎಕ್ಸ್‌ಎಫ್‌ಎಸ್ ರಿಪೇರ್ ಬೇಕು. ಎಲ್‌ವಿಎಂ (ಡಿಸ್ಕ್‌ಗಳನ್ನು ಗುಂಪು ಮಾಡಿ ಭಾಗ ಹಂಚುವ ವ್ಯವಸ್ಥೆ) ಇದ್ದು ಡಿಸ್ಕ್ ಕಾಣದಿದ್ದರೆ ವಾಲ್ಯೂಮ್ ಗ್ರೂಪ್ ಆ್ಯಕ್ಟಿವ್ ಮಾಡಬೇಕು.

ಆಮೇಲೆ ರೂಟ್ ಪಾರ್ಟಿಷನ್ ಅನ್ನು ಎಂಎನ್‌ಟಿ ಫೋಲ್ಡರ್‌ಗೆ ಮೌಂಟ್ ಮಾಡಿ. ಅದರೊಳಗಿನ ಇಟಿಸಿಯ ಎಫ್‌ಎಸ್‌ಟ್ಯಾಬ್ ತೆರೆಯಿರಿ, ರೆಸ್ಕ್ಯೂ ಲಿನಕ್ಸ್‌ನದ್ದಲ್ಲ. ಪಕ್ಕದಲ್ಲಿ ಬಿಎಲ್‌ಕೆಐಡಿ ಕಮಾಂಡ್ ಕೊಟ್ಟು, ಅಲ್ಲಿ ಬಂದ ಯುಯುಐಡಿಗಳನ್ನು ಫೈಲ್‌ನಲ್ಲಿರುವುದರ ಜೊತೆ ಒಂದೊಂದಾಗಿ ಹೋಲಿಸಿ. ಯಾವುದಕ್ಕೆ ಜೋಡಿ ಇಲ್ಲವೋ ಆ ಸಾಲಿನ ಶುರುವಿನಲ್ಲಿ ಒಂದು ಹ್ಯಾಷ್ (#) ಹಾಕಿ, ಆಗ ಲಿನಕ್ಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲನ್ನು ಅಳಿಸಬೇಡಿ. ಡಿಸ್ಕ್ ಬೇಕು, ಆದರೆ ಅದಿಲ್ಲದೆಯೂ ಸರ್ವರ್ ಏಳಬೇಕು ಅನ್ನುವುದಾದರೆ ನಾಲ್ಕನೇ ಕಾಲಮ್‌ನಲ್ಲಿ ನೋಫೇಲ್ ಸೇರಿಸಿ. ಈ ಒಂದು ಪದ ಇದ್ದಿದ್ದರೆ ಎಷ್ಟೋ ಸರ್ವರ್‌ಗಳು ಎಮರ್ಜೆನ್ಸಿ ಮೋಡ್ ಮುಖವನ್ನೇ ನೋಡುತ್ತಿರಲಿಲ್ಲ, ಅಲ್ವಾ?

ಹಾಗೇ ಡಿಎಫ್ ಕೊಟ್ಟು ಜಾಗ ನೋಡಿ. ಜಾಗ ಇದ್ದೂ ಐನೋಡ್ (ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆ) ಮುಗಿದುಹೋಗಿರಬಹುದು, ಅದಕ್ಕೆ ಡಿಎಫ್ ಹೈಫನ್ ಐ ಕೊಡಬೇಕು.

ಕರ್ನಲ್ ತೊಂದರೆ ಆಗಿದ್ದು ಹಳೆಯದರಿಂದಲೂ ಏಳದಿದ್ದರೆ, ಬೂಟ್ ಪಾರ್ಟಿಷನ್ ಬೇರೆ ಇದ್ದಲ್ಲಿ ಅದನ್ನೂ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರು ಫೋಲ್ಡರ್‌ಗಳನ್ನೂ ಬೈಂಡ್ ಮಾಡಿ (ಎಂಎನ್‌ಟಿ ಒಳಗೂ ಕಾಣುವಂತೆ ಜೋಡಿಸಿ), ಸಿಎಚ್‌ರೂಟ್ ಕಮಾಂಡ್‌ನಿಂದ ನಿಮ್ಮ ಸಿಸ್ಟಮ್ ಒಳಗೆ ಹೋಗಿ. ಬಳಕೆಯಲ್ಲಿಲ್ಲದ ಹಳೇ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್‌ನಿಂದಲೇ ತೆಗೆದು ಜಾಗ ಮಾಡಿ. ನಂತರ ಉಬುಂಟು, ಡೆಬಿಯನ್ ಆದರೆ ಅಪ್‌ಡೇಟ್ ಇನಿಟ್‌ರ್ಯಾಮ್‌ಎಫ್‌ಎಸ್, ಅಪ್‌ಡೇಟ್ ಗ್ರಬ್ ಓಡಿಸಿ. ರೆಡ್‌ಹ್ಯಾಟ್ ಕಡೆಯದಾದರೆ ಇನಿಟ್‌ರ್ಯಾಮ್‌ಎಫ್‌ಎಸ್ ತಯಾರಿಸಲು ಡ್ರಾಕಟ್. ಎಸ್‌ಇಲಿನಕ್ಸ್ (ಫೈಲ್‌ಗಳಿಗೆ ಲೇಬಲ್ ಹಚ್ಚಿ ಕಾಯುವ ಭದ್ರತಾ ವ್ಯವಸ್ಥೆ) ಇರುವ ಸಿಸ್ಟಮ್‌ನಲ್ಲಿ ಪಾಸ್‌ವರ್ಡ್ ಏನಾದರೂ ಹೀಗೆ ಹೊರಗಿನಿಂದ ಬದಲಿಸಿದರೆ, ನಿಮ್ಮ ಸಿಸ್ಟಮ್‌ನ ಎಲ್ಲಕ್ಕಿಂತ ಮೇಲಿನ (/) ಫೋಲ್ಡರ್‌ನಲ್ಲಿ ಡಾಟ್ ಆಟೋರೀಲೇಬಲ್ ಅನ್ನುವ ಖಾಲಿ ಫೈಲ್ ಇಟ್ಟು ಬನ್ನಿ. ಇಲ್ಲದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗದೆ ಹೋಗಬಹುದು.

ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅನ್‌ಮೌಂಟ್ ಮಾಡಿ, ಪ್ಯಾನೆಲ್‌ಗೆ ಹೋಗಿ ರೆಸ್ಕ್ಯೂ ಆಫ್ ಮಾಡಿ, ಬೂಟ್ ಅನ್ನು ಮತ್ತೆ ಹಾರ್ಡ್ ಡಿಸ್ಕ್‌ಗೆ ತಿರುಗಿಸಿ. ಕೆಲವು ಕಂಪನಿಗಳಲ್ಲಿ ಇದು ತಾನಾಗೇ ಆಗುತ್ತದೆ, ಕೆಲವು ಕಡೆ ನಾವೇ ಮಾಡಬೇಕು. ಇದನ್ನು ಬಿಟ್ಟರೆ ರೀಬೂಟ್ ಆದಾಗ ಮತ್ತೆ ರೆಸ್ಕ್ಯೂನೇ ಬರುತ್ತದೆ. ರೀಬೂಟ್ ಕೊಡುವಾಗ ಕನ್ಸೋಲ್ ಕಿಟಕಿ ತೆರೆದೇ ಇರಲಿ, ಸಾಲುಗಳು ಓಡುವುದನ್ನು ಕಣ್ಣಾರೆ ನೋಡಿ.

ಸರ್ವರ್ ಎದ್ದ ಮೇಲೆ, ನಿಮ್ಮ ಪ್ಯಾನೆಲ್‌ನಲ್ಲಿ ಸೀರಿಯಲ್ ಕನ್ಸೋಲ್ ಸೌಲಭ್ಯ ಇದ್ದರೆ ಅದನ್ನೂ ಸರಿಮಾಡಿಡಿ. ಗ್ರಬ್‌ನ ಕರ್ನಲ್ ಸಾಲಿಗೆ ಟಿಟಿವೈಎಸ್0 (ಮೊದಲ ಸೀರಿಯಲ್ ಪೋರ್ಟ್), 115200 ಸ್ಪೀಡ್ ಅಂತ ಕನ್ಸೋಲ್ ಸೇರಿಸಿದರೆ ಸಾಕು. ಅದು ಅಕ್ಷರಗಳಾಗೇ ಬರುವುದರಿಂದ ಮೇಲೆ ಹೋದ ಸಾಲುಗಳನ್ನು ಸ್ಕ್ರಾಲ್ ಮಾಡಿ ಓದಬಹುದು, ಕಾಪಿ ಮಾಡಿ ಬೇರೆಯವರಿಗೆ ಕಳಿಸಬಹುದು.

ಸದ್ಯಕ್ಕೆ ಎರಡು ವಿಷಯ ಕಾಮೆಂಟ್‌ನಲ್ಲಿ ಹಾಕಿ: ಕನ್ಸೋಲ್ ನಿಂತಾಗ ಕಾಣುವ ಕೊನೆಯ ಹತ್ತು ಹದಿನೈದು ಸಾಲು, ಮತ್ತು ರೆಸ್ಕ್ಯೂನಲ್ಲಿ ಎಲ್‌ಎಸ್‌ಬಿಎಲ್‌ಕೆ ತೋರಿಸುವ ಪಟ್ಟಿ. ಅದರಲ್ಲಿ ಐಪಿ ವಿಳಾಸ, ಪಾಸ್‌ವರ್ಡ್ ಇದ್ದರೆ ಮುಚ್ಚಿ. ಅಷ್ಟು ಸಿಕ್ಕರೆ ಯಾವ ಸಾಲಿಗೆ ಹ್ಯಾಷ್ ಹಾಕಬೇಕು ಅನ್ನುವವರೆಗೂ ಹೇಳುತ್ತೇನೆ.