ಕರಟದ ಮೇಲಿನ ಸೋಪು, ಬೋರ್‌ವೆಲ್ ನೀರು

ಮದ್ದೂರಿನ ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ‘ಮೈಸೂರಿನಿಂದ ನಮ್ಮ ಮನೆಗೆ ಬಂದ ಸೊಸೆ, ಸೋಪಿನ ಬಿಲ್ಲೆಯ ಮೇಲೆ ಎಲ್ಲರ ಕೈಯ ಕೊಳೆ ಕೂರುತ್ತದೆ ಎಂದು ಹ್ಯಾಂಡ್‌ವಾಶ್ ಬಾಟಲಿ ತಂದಿಟ್ಟಿದ್ದಾಳೆ. ಐದು ಜನರ ಮನೆ. 200 ಮಿಲಿಲೀಟರ್ ಬಾಟಲಿ ನಾಲ್ಕೇ ದಿನಕ್ಕೆ ಖಾಲಿ. ಉಳಿಯಲಿ ಎಂದು ನೀರು ಬೆರೆಸಿದರೆ ಅವಳಿಗೆ ಸಿಟ್ಟು. ನಮ್ಮ ಬೋರ್‌ವೆಲ್ ನೀರಿಗೆ ಬಿಲ್ಲೆ ನೊರೆ ಬರುವುದಿಲ್ಲ ಎನ್ನುವುದೂ ನಿಜವೇ. ಆದರೆ ನಲವತ್ತು ವರ್ಷ ಬಿಲ್ಲೆಯಲ್ಲೇ ಕೈ ತೊಳೆದವಳು ನಾನು. ಯಾವುದು ಸರಿ, ಹೇಳಿ. ಪಾತ್ರೆ ತೊಳೆದು ತೊಳೆದು ನನ್ನ ಕೈಯೂ ಒಡೆಯುತ್ತಿದೆ.’

ಅಮ್ಮನವರಿಗೆ ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೋರ್‌ವೆಲ್ ನೀರಿನ ಬಗ್ಗೆ ನೀವು ಬರೆದ ಒಂದು ಸಾಲಿನಲ್ಲೇ ಅರ್ಧ ಉತ್ತರವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಸೊಸೆ ಬೆಳೆದದ್ದು ಕಾವೇರಿ ನೀರಿನಲ್ಲಿ. ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಮೈಸೂರಿನ ನಲ್ಲಿಗಳಿಗೆ ಬರುವ ಆ ನೀರಿನಲ್ಲಿ ಬಿಲ್ಲೆಯನ್ನು ಎರಡು ಸಲ ತಿರುಗಿಸಿದರೆ ಕೈತುಂಬ ನೊರೆ. ನಿಮ್ಮ ಮನೆಯ ನೀರು ಬಂಡೆಯ ಸಂದಿಯಿಂದ ಮೇಲೆ ಬಂದದ್ದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗಿದೆ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಇದರ ಗುರುತು. ಎಣ್ಣೆ, ಕೊಬ್ಬನ್ನು ಕಾಸ್ಟಿಕ್ ಸೋಡಾದೊಂದಿಗೆ ಬೆರೆಸಿ ಮಾಡಿದ ಸೋಪು ಇಂಥ ನೀರಿಗೆ ಬಿದ್ದರೆ ಮೊದಲು ಆ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ನೀರಿನ ಪಾಲು ನೀರಿಗೆ ಸಂದ ಮೇಲೆ ಮಿಕ್ಕದ್ದು ಕೈಗೆ. ಕೈ ತೊಳೆದ ಮೇಲೂ ಅಂಟಂಟು ಅನ್ನಿಸುವುದು, ಬೇಸಿನ್ನಿನ ಸುತ್ತ ಬೂದು ಬಣ್ಣದ ಕರೆ ಕೂರುವುದು ಇದೇ ಗಸಿಯಿಂದ. ಬಾಟಲಿಯಲ್ಲಿ ಬರುವ ಹ್ಯಾಂಡ್‌ವಾಶ್ ಬಹುಮಟ್ಟಿಗೆ ಬೇರೆ ಜಾತಿಯದು. ಹಿಂಬದಿಯ ಚೀಟಿಯಲ್ಲಿ ‘ಸೋಡಿಯಂ ಲಾರೆತ್ ಸಲ್ಫೇಟ್’ ಎಂದಿದ್ದರೆ ಅದು ಡಿಟರ್ಜೆಂಟ್ ಜಾತಿ. ಅದಕ್ಕೆ ಗಡಸು ನೀರಿನ ಕಾಟ ಅಷ್ಟಿಲ್ಲ. ಹಾಗಾಗಿ ನಿಮ್ಮ ಅಡುಗೆಮನೆಯ ಸಿಂಕಿನ ಬಳಿ ಬಾಟಲಿ ಇರಲಿ ಎನ್ನುವುದರಲ್ಲಿ ಸೊಸೆಯ ಮಾತು ಸರಿ, ಆಕೆ ಕೊಟ್ಟ ಕಾರಣ ಬೇರೆಯಾದರೂ.

ಆ ಕಾರಣವನ್ನೂ ನೋಡೋಣ. ಬಳಸಿದ ಬಿಲ್ಲೆಯ ಮೇಲೆ ಬ್ಯಾಕ್ಟೀರಿಯಾ ಇರುವುದು ನಿಜ. ಆದರೆ ಅದು ಮುಂದಿನವರ ಕೈಗೆ ದಾಟಿ ಉಳಿಯುತ್ತದೆಯೇ? 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇಕೆಂದೇ ಬಿಲ್ಲೆಗಳಿಗೆ ಬ್ಯಾಕ್ಟೀರಿಯಾ ಹಚ್ಚಿ 16 ಜನರಿಂದ ಕೈ ತೊಳೆಸಿದರು. ತೊಳೆದ ಮೇಲೆ ಒಬ್ಬರ ಕೈಯಲ್ಲೂ ಅವು ಪತ್ತೆಯಾಗಲಿಲ್ಲ. ನೊರೆಯೊಂದಿಗೆ ಮೇಲೆದ್ದದ್ದು ನೀರಿನೊಂದಿಗೆ ಹರಿದುಹೋಗುತ್ತದೆ. ಮನೆಮಂದಿ ಆರೋಗ್ಯವಾಗಿರುವಾಗ ಒಂದೇ ಬಿಲ್ಲೆ ಬಳಸುವುದಕ್ಕೆ ಹೆದರಬೇಕಿಲ್ಲ. ಯಾರಿಗಾದರೂ ಕೈಯಲ್ಲಿ ಹುಣ್ಣು, ಕಜ್ಜಿ ಇದ್ದರೆ ಅವರ ಸೋಪನ್ನು ಬೇರೆ ಇಡಿ.

ನನ್ನ ತಕರಾರು ಬಿಲ್ಲೆಯ ಕೆಳಗಿನ ನೀರಿನ ಮೇಲೆ. ಎಷ್ಟೋ ಮನೆಗಳ ಸೋಪಿನ ಡಬ್ಬಿಗೆ ತಳದಲ್ಲಿ ತೂತೇ ಇರುವುದಿಲ್ಲ. ಬಿಲ್ಲೆ ಬೆಳಗಿನಿಂದ ಸಂಜೆಯವರೆಗೆ ಆ ಗಂಜಿಯಲ್ಲಿ ನೆನೆದು ಅಡಿಭಾಗ ಲೋಳೆಯಾಗುತ್ತದೆ, ಅರ್ಧ ಸೋಪು ಹಾಗೆಯೇ ಚರಂಡಿ ಸೇರುತ್ತದೆ. ಪಾಂಡವಪುರದಲ್ಲಿ ನನ್ನ ಅಜ್ಜಿ ತೆಂಗಿನ ಕರಟದ ಕಣ್ಣನ್ನು ಮೊಳೆಯಿಂದ ಚುಚ್ಚಿ, ಒಳಗೆ ಒಂದು ಹಿಡಿ ನಾರು ಹರಡಿ, ಅದರ ಮೇಲೆ ಸೋಪಿಡುತ್ತಿದ್ದರು. ಬಚ್ಚಲಿನ ಗೂಡಿನಲ್ಲಿ ಕರಟ ಒಂದು ಕಡೆಗೆ ವಾಲಿಕೊಂಡು ಕೂತಿರುತ್ತಿತ್ತು, ಕಣ್ಣಿನಿಂದ ತೊಟ್ಟು ತೊಟ್ಟಾಗಿ ನೀರಿಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸೋಪು ಒಣಗಿ, ಮೈಮೇಲೆ ನಾರಿನ ಗೆರೆ ಮೂಡಿರುತ್ತಿತ್ತು. ವಾರಕ್ಕೊಮ್ಮೆ ನಾರು ಬದಲು. ಅದಕ್ಕಿಂತ ಒಳ್ಳೆಯ ಸೋಪಿನ ಡಬ್ಬಿಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಕೊಟ್ಟಿಗೆಯಿಂದ, ಗದ್ದೆಯಿಂದ ಬಂದವರು ಕೈ ತೊಳೆಯುವ ಹಿತ್ತಲಿನ ನಲ್ಲಿಯ ಪಕ್ಕ ನಿಮ್ಮ ಬಿಲ್ಲೆ ಹೀಗೆ ಇರಲಿ. ಸಗಣಿ, ಮಣ್ಣು, ಕಬ್ಬಿನ ಸಿಹಿಯಂಟು ಮೆತ್ತಿದ ಕೈಗೆ ಚೆನ್ನಾಗಿ ಉಜ್ಜಲು ಬಿಲ್ಲೆಯೇ ಅನುಕೂಲ. ಚಾವಣಿಯ ಮಳೆನೀರನ್ನು ತೊಟ್ಟಿಗೆ ಹಿಡಿಯುವ ಏರ್ಪಾಡಿದ್ದರೆ ಆ ನೀರಿನಲ್ಲಿ ಒಮ್ಮೆ ಕೈ ತೊಳೆದು ನೋಡಿ, ಅದೇ ಬಿಲ್ಲೆ ಎಷ್ಟು ನೊರೆ ಕೊಡುತ್ತದೆ ಎಂದು.

ಇನ್ನು ನಾಲ್ಕು ದಿನದ ಲೆಕ್ಕ. ಒಂದು ಒತ್ತಿಗೆ ಒಂದೂವರೆ ಮಿಲಿಲೀಟರ್ ಬರುತ್ತದೆ ಎಂದಿಟ್ಟುಕೊಂಡರೆ 200 ಮಿಲಿಲೀಟರಿನಲ್ಲಿ ಸುಮಾರು 130 ಒತ್ತು. ಐದು ಜನ ದಿನಕ್ಕೆ ಆರು ಸಲ, ಸಲಕ್ಕೆ ಒಂದೇ ಒತ್ತು ಎಂದರೂ ದಿನಕ್ಕೆ 30. ಹೆಚ್ಚುಕಡಿಮೆ ನಾಲ್ಕು ದಿನ. ಅಮ್ಮಾ, ನಿಮ್ಮ ಮನೆಯಲ್ಲಿ ಯಾರೂ ದುಂದು ಮಾಡುತ್ತಿಲ್ಲ, ಎಲ್ಲರೂ ಕೈ ತೊಳೆಯುತ್ತಿದ್ದಾರೆ. ಅದು ಸಂತೋಷದ ವಿಷಯ. ಖರ್ಚು ತಗ್ಗಬೇಕೆಂದರೆ ದೊಡ್ಡ ಪೊಟ್ಟಣ ತಂದು ತುಂಬಿಸಿಕೊಳ್ಳಿ.

ನೀರು ಮಾತ್ರ ಬೆರೆಸಬೇಡಿ. ಹ್ಯಾಂಡ್‌ವಾಶ್ ಕೆಡದಿರಲೆಂದು ತಯಾರಕರು ಅಳತೆಯಿಟ್ಟು ಸಂರಕ್ಷಕ ಹಾಕಿರುತ್ತಾರೆ. ನೀರು ಸೇರಿಸಿದಷ್ಟೂ ಅದರ ಶಕ್ತಿ ಕುಂದುತ್ತದೆ. ನಮ್ಮ ಕಚೇರಿಯಲ್ಲಿ ಕಳೆದ ವರ್ಷ ಹೀಗೇ ಆಯಿತು. ಮುಗಿಯುತ್ತ ಬಂದ ಬಾಟಲಿಗೆ ತಿಂಗಳುಗಟ್ಟಲೆ ನೀರು ಹಾಕಿ ಕುಲುಕುತ್ತ ಬಂದೆವು. ಒಂದು ಸೋಮವಾರ ಮುಚ್ಚಳ ತೆಗೆದರೆ ಹಳಸಿದ ವಾಸನೆ, ಒಳಗಿನ ಕೊಳವೆಯ ಸುತ್ತ ಪಾಚಿಯಂಥ ಲೋಳೆ. ಅದನ್ನೇ ಅಷ್ಟು ದಿನ ಊಟದ ಮುಂಚೆ ಕೈಗೆ ಹಚ್ಚಿಕೊಂಡಿದ್ದೆವು. ಸಾರ್ವಜನಿಕ ಶೌಚಾಲಯಗಳಲ್ಲಿ ಮೇಲಿಂದ ಮೇಲೆ ಸುರಿದು ತುಂಬಿಸುವ ಡಬ್ಬಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಅಧ್ಯಯನಗಳಲ್ಲೂ ಕಂಡಿದೆ. ಈಗ ನೀವು ನೀರು ಬೆರೆಸಿದ ಬಾಟಲಿಯನ್ನು ಚೆಲ್ಲಿಬಿಡಿ. ಬಾಟಲಿಯನ್ನೂ ಕೊಳವೆಯನ್ನೂ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೊಸದನ್ನು ತುಂಬಿ.

‘ಕೀಟಾಣು ನಾಶಕ’ ಎಂದು ಬರೆದದ್ದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಮನೆಬಳಕೆಯ ಇಂಥ ಸೋಪುಗಳು ಸಾಮಾನ್ಯ ಸೋಪು ಮತ್ತು ನೀರಿಗಿಂತ ಮೇಲು ಎಂಬುದಕ್ಕೆ ಪುರಾವೆ ಸಾಲದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅವುಗಳಿಂದ ಹೊರಗಿಟ್ಟಿತು. ಬಿಲ್ಲೆ ಕೊಳ್ಳುವಾಗ ನೋಡಬೇಕಾದದ್ದು ‘ಟಿಎಫ್‌ಎಂ’, ಅಂದರೆ ಒಟ್ಟು ಕೊಬ್ಬಿನಾಮ್ಲದ ಪ್ರಮಾಣ. ನಮ್ಮ ದೇಶದ ಮಾನಕದಂತೆ ಒಂದನೇ ದರ್ಜೆಯ ಸೋಪಿನಲ್ಲಿ ಅದು ಕನಿಷ್ಠ 76 ಶೇಕಡ, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60. ನಮ್ಮ ಮೈಸೂರ್ ಸ್ಯಾಂಡಲ್ ಒಂದನೇ ದರ್ಜೆಯದು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದ ಕಾಲದಿಂದ ಬಂದ ಆ ಪರಿಮಳದ ಬಗ್ಗೆ ನನಗೂ ಅಭಿಮಾನವಿದೆ. ಆದರೂ ಬೋರ್‌ವೆಲ್ ನೀರಿನಲ್ಲಿ ಅದೂ ಗಸಿಯಾಗುತ್ತದೆ. ಅದನ್ನು ಸ್ನಾನಕ್ಕಿಟ್ಟುಕೊಳ್ಳಿ, ಹಿತ್ತಲಿನ ಕರಟಕ್ಕೆ ಅಗ್ಗದ ಸೋಪು ಸಾಕು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ನಮ್ಮ ಕಡೆ ಊಟಕ್ಕೆ ಮುಂಚೆ ಕೈಗೆ ಬರಿ ನೀರು, ಊಟವಾದ ಮೇಲೆ ಸಾರಿನ ಜಿಡ್ಡು ಹೋಗಲೆಂದು ಸೋಪು. ಇದು ತಿರುವುಮುರುವಾಗಬೇಕು. ಮುದ್ದೆ ಮುರಿಯುವುದು, ಅನ್ನ ಕಲಸುವುದು ಬೆರಳಿನಲ್ಲಿ. ಆ ಬೆರಳಿಗೆ ಸೋಪು ಬೇಕಾಗಿರುವುದು ತಟ್ಟೆಯ ಮುಂದೆ ಕೂರುವ ಮುಂಚೆ. ಹೆಬ್ಬೆರಳು, ಬೆರಳ ಸಂದಿ, ಉಗುರಿನ ತುದಿ ಬಿಡದಂತೆ 20 ಸೆಕೆಂಡು ಉಜ್ಜಬೇಕು. ಕೊಳೆಗೈಯಲ್ಲಿ ತಿರುಗಿಸಿದ ನಲ್ಲಿಯ ಹಿಡಿಗೂ ಅದೇ ನೊರೆ ಸವರಿ ತೊಳೆಯಿರಿ. ತೊಳೆದ ಕೈಯನ್ನು ಸೆರಗಿಗೆ ಒರೆಸಿದರೆ ಪಟ್ಟ ಶ್ರಮ ವ್ಯರ್ಥ, ಒಗೆದ ಚೌಕ ಒಂದನ್ನು ಅಲ್ಲೇ ತೂಗುಹಾಕಿ.

ನಿಮ್ಮ ಕೈ ಒಡೆಯುವ ವಿಷಯ ಓದಿ ಸಂಕಟವಾಯಿತು. ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5.5, ತುಸು ಆಮ್ಲದ ಕಡೆಗೆ. ಸೋಪಿನದು 9ರಿಂದ 10, ಕ್ಷಾರದ ಕಡೆಗೆ. ಸೋಪು ಕೊಳೆಯ ಜೊತೆಗೆ ಚರ್ಮದ ಸ್ವಂತ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ, ಪಾತ್ರೆ ತೊಳೆಯುವ ಪುಡಿ, ದ್ರವಗಳಂತೂ ಇನ್ನೂ ಹೆಚ್ಚು. ಪಾತ್ರೆಗೆ ರಬ್ಬರ್ ಕೈಗವಸು ಹಾಕಿಕೊಳ್ಳಿ, ಬಿಸಿನೀರು ಬೇಡ. ಗಸಿ ಉಳಿಯದಂತೆ ಕೈಯನ್ನು ಚೆನ್ನಾಗಿ ಜಾಲಿಸಿ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ, ಕೈಯ ಪಸೆ ಪೂರ್ತಿ ಆರುವ ಮುಂಚೆಯೇ, ಕೊಬ್ಬರಿ ಎಣ್ಣೆಯನ್ನು ಗೆಣ್ಣುಗಳಿಗೆ, ಉಗುರಿನ ಬುಡಕ್ಕೆ ತಿಕ್ಕಿ ಮಲಗಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಬಿರುಕಿನಿಂದ ರಕ್ತ ಒಸರುತ್ತಿದ್ದರೆ, ಮಂಡ್ಯಕ್ಕೆ ಹೋದಾಗ ಚರ್ಮದ ವೈದ್ಯರಿಗೆ ತೋರಿಸಿ. ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

— ಸಂಪಾದಕ